ಕೊಡಗಿನ ಮಳೆಯಲ್ಲಿ ದೊಡ್ಡ ಬೋನ್ಸಾಯ್: ಗೋಡೆಯ ಬಸರಿ ತಟ್ಟೆಗೆ ಬರುವವರೆಗೆ

ವೇದಿಕೆಯ ಮುಂದೆ ಮರದ ಪೆಟ್ಟಿಗೆಯಲ್ಲಿರುವ ಈ ಮರವನ್ನು ಮೊದಲು ಒಂದು ಸುತ್ತು ನೋಡಿಬಿಡಿ. ಇದು ಬಸರಿ. ಬುಡದ ದಪ್ಪ 18 ಸೆಂ.ಮೀ., ಎತ್ತರ ಒಂದು ಮೀಟರಿಗೆ ತುಸು ಹೆಚ್ಚು. ತೋಟದ ಕಾರ್ಮಿಕರ ಹಳೆಯ ಲೈನ್ ಮನೆ ಕೆಡವುವಾಗ ಗೋಡೆಯ ಸಂದಿಯಿಂದ ಬಿಡಿಸಿ ತೆಗೆದದ್ದು. ಹಕ್ಕಿ ಹಾಕಿದ ಬೀಜ ಗಾರೆಯ ಬಿರುಕಿನಲ್ಲಿ ಮೊಳೆತು, ನೆಲ ಮುಟ್ಟುವ ಹಾದಿಯಲ್ಲಿ ಬೇರುಗಳು ಕಲ್ಲಿಗೆ ಅಂಟಿಕೊಂಡು ಚಪ್ಪಟೆಯಾಗಿವೆ. ಇಂಥ ಬುಡ ನರ್ಸರಿಯಲ್ಲಿ ಸಿಗುವುದಿಲ್ಲ. ಹೊರಗೆ ತಾನಾಗಿ ಬೆಳೆದ ಮರವನ್ನು ತಂದು ಬೋನ್ಸಾಯ್ ಮಾಡುವುದಕ್ಕೆ ಜಪಾನಿನವರು ಯಮದೋರಿ ಎನ್ನುತ್ತಾರೆ, ಬೆಟ್ಟದಿಂದ ತಂದದ್ದು ಎಂದರ್ಥ. ನಾವು ಬೆಟ್ಟಕ್ಕೆ ಹೋಗಬೇಕಾಗಿಲ್ಲ, ಹೋಗಲೂಬಾರದು. ಅದನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಇಂಥ ಮರ ಕಂಡ ಕೂಡಲೇ ಎಲ್ಲರ ಕಣ್ಣೂ ಕೊಂಬೆಗಳ ಮೇಲೆ ಬೀಳುತ್ತದೆ. ಯಾವುದನ್ನು ಕಡಿಯುವುದು, ಯಾವುದಕ್ಕೆ ತಂತಿ ಸುತ್ತುವುದು ಎಂದೇ ಮೊದಲ ಪ್ರಶ್ನೆ. ಆದರೆ ಕೊಂಬೆ ತಪ್ಪಾಗಿ ಕಡಿದರೆ ಮರ ಸಾಯುವುದಿಲ್ಲ, ಇನ್ನೊಂದು ಚಿಗುರು ಕೊಡುತ್ತದೆ. ಕೊಡಗಿನಲ್ಲಿ ಕುಂಡದ ಮರ ಸಾಯುವುದು ಹೆಚ್ಚಾಗಿ ಜುಲೈ ತಿಂಗಳಲ್ಲಿ, ಬೇರಿನ ಕಡೆಯಿಂದ. ಬೆಂಗಳೂರಿನ ಸರಾಸರಿ ಮಳೆ 40 ಇಂಚಿನ ಆಸುಪಾಸು, ಮಡಿಕೇರಿಯದು 120 ಇಂಚಿನ ಮೇಲೆ. ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬಯಲುಸೀಮೆಯ ಬೋನ್ಸಾಯ್ ಪಾಠವೆಲ್ಲ ಕುಂಡದಲ್ಲಿ ನೀರು ಉಳಿಸುವ ಪಾಠ. ನಮಗೆ ಬೇಕಾದದ್ದು ನೀರು ಕಳಿಸುವ ಪಾಠ. ಕುಶಾಲನಗರದಿಂದ ಬಂದವರು ಇಲ್ಲಿದ್ದರೆ, ನಿಮ್ಮ ಕಡೆ ಮಡಿಕೇರಿಯ ಮೂರರಲ್ಲೊಂದು ಪಾಲು ಮಳೆ, ಹಾಗಾಗಿ ನಾನು ಹೇಳುವುದನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಬಹುದು. ಭಾಗಮಂಡಲದ ಕಡೆಯವರು ಇನ್ನಷ್ಟು ಬಿಗಿ ಮಾಡಬೇಕು.

ಎಲ್ಲಿಂದ ತರುವುದು? ದೇವರಕಾಡಿನಿಂದ ಒಂದು ಕಡ್ಡಿಯನ್ನೂ ತರಬಾರದು, ಮೀಸಲು ಅರಣ್ಯದಿಂದ ಗಿಡ ಕಿತ್ತರೆ ಅದು ಅಪರಾಧ. ಸ್ವಂತ ಜಮೀನು ಎಂದುಕೊಂಡದ್ದರಲ್ಲೂ ಎಚ್ಚರ ಬೇಕು. ನಮ್ಮ ಬಾಣೆ (ಗದ್ದೆಗೆ ಸೇರಿಸಿ ಹಿಂದೆ ಕೊಟ್ಟ ಕಾಡುಭೂಮಿ) ಜಮೀನುಗಳಲ್ಲಿ ಮರದ ಹಕ್ಕು ಸರ್ಕಾರದ್ದೇ ಆಗಿರುವ ಭಾಗಗಳಿವೆ, ನಿಮ್ಮ ದಾಖಲೆ ನೋಡಿಕೊಳ್ಳಿ. ಇಷ್ಟೆಲ್ಲ ಬಿಟ್ಟರೂ ಸಾಕಷ್ಟು ಉಳಿಯುತ್ತದೆ. ಹಳೆ ಮನೆಯ ಗೋಡೆ, ಬಾವಿಕಟ್ಟೆ, ಕಣದ ತಡೆಗೋಡೆ, ಎಲ್ಲ ಕಡೆ ಬಸರಿ, ಆಲ, ಅರಳಿ ಹುಟ್ಟುತ್ತವೆ. ಹೇಗೂ ಕಿತ್ತು ಬಿಸಾಡುವ ಗಿಡಗಳು ಅವು, ಇಲ್ಲದಿದ್ದರೆ ಗೋಡೆ ಒಡೆಯುತ್ತದೆ. ಬಂಗಲೆ ಬೇಲಿಯ ಹಳೆ ಬೋಗನ್‌ವಿಲ್ಲಾ ಬುಡವನ್ನು ಕಾಂಪೌಂಡ್ ಅಗಲ ಮಾಡುವಾಗ ಜೆಸಿಬಿ ಎತ್ತಿ ಹಾಕುತ್ತದೆ. ತೋಟ ಮರುನಾಟಿ ಮಾಡುವಾಗ ಐವತ್ತು ಅರವತ್ತು ವರ್ಷದ ಅರೇಬಿಕಾ ಬುಡಗಳು ಸೌದೆಗೆ ಹೋಗುತ್ತವೆ. ಕಾಫಿ ಬುಡದ ಬಗ್ಗೆ ಒಂದೇ ಮಾತು: ಅದರ ಕಾಂಡಕ್ಕೆ ಒಳ್ಳೆಯ ಗಾಂಭೀರ್ಯವಿದೆ, ಬುಡದಿಂದ ಚೆನ್ನಾಗಿ ಚಿಗುರುತ್ತದೆ, ಆದರೆ ಎಲೆ ಅಷ್ಟಾಗಿ ಸಣ್ಣದಾಗುವುದಿಲ್ಲ. ಕಾಂಡಕೊರಕ ಹೊಕ್ಕ ಬುಡವನ್ನಂತೂ ಮುಟ್ಟಬೇಡಿ. ಇವತ್ತು ನಾನು ಬಸರಿಯನ್ನೇ ಹಿಡಿದು ಮಾತಾಡುತ್ತೇನೆ. ಆಲಕ್ಕೂ ಗೋಣಿಮರಕ್ಕೂ ಇದೇ ಕ್ರಮ ಹೊಂದುತ್ತದೆ.

ಗೋಡೆಯಿಂದ ಬಿಡಿಸುವಾಗ ಎಳೆಯಬೇಡಿ. ಎಳೆದರೆ ಬೇರಿನ ತೊಗಟೆ ಕಲ್ಲಿನಲ್ಲೇ ಉಳಿದು ಒಳಗಿನ ಕಟ್ಟಿಗೆ ಮಾತ್ರ ಕೈಗೆ ಬರುತ್ತದೆ. ಉಳಿ, ಸುತ್ತಿಗೆ ಹಿಡಿದು ಗೋಡೆಯನ್ನು ಒಡೆಯಿರಿ, ಮರವನ್ನಲ್ಲ. ಬುಡದಿಂದ 25–30 ಸೆಂ.ಮೀ. ಬೇರು ಉಳಿಸಿ, ಮುಂದಿನದನ್ನು ಗರಗಸದಿಂದ ಕೊಯ್ಯಿರಿ. ಮಚ್ಚು ಬೇಡ. ಮಚ್ಚಿನ ಏಟಿಗೆ ಬೇರು ಸೀಳುತ್ತದೆ, ಸೀಳು ಬುಡದ ಕಡೆಗೇ ಓಡುತ್ತದೆ. ಬೇರಿಗಂಟಿದ ಸುಣ್ಣದ ಗಾರೆಯನ್ನು ತೆಂಗಿನ ನಾರಿನ ಬ್ರಷ್ಷಿನಿಂದ ತಿಕ್ಕಿ ತೊಳೆದು, ಒದ್ದೆ ಗೋಣಿಚೀಲ ಸುತ್ತಿ ತನ್ನಿ. ಮೇಲಿನ ಭಾಗವನ್ನು ಕೊನೆಗೆ ಬೇಕಾದ ಎತ್ತರಕ್ಕಿಂತ ಅರ್ಧದಷ್ಟು ಹೆಚ್ಚು ಉಳಿಸಿ ಕಡಿಯಿರಿ, ಎಲೆಗಳನ್ನೆಲ್ಲ ತೆಗೆದುಬಿಡಿ. ಬೇರಿಲ್ಲದ ಮರ ಎಲೆಗೆ ನೀರು ಎಲ್ಲಿಂದ ಕೊಟ್ಟೀತು? ಬಸರಿ ಜಾತಿಗೆ ಸಣ್ಣ ಬೇರು ಒಂದೂ ಇಲ್ಲದಿದ್ದರೂ, ದಪ್ಪ ಬೇರಿನ ಕೊಯ್ದ ಅಂಚಿನಿಂದ ಹೊಸದು ಹೊರಡುತ್ತದೆ. ಹುಣಸೆಯಂಥ ಮರಕ್ಕೆ ಇದೇ ಧೈರ್ಯ ತೋರಿಸಿದರೆ ಅದು ಉಳಿಯುವುದು ಕಷ್ಟ. ಅಂಥದ್ದಕ್ಕೆ ಮೊದಲ ವರ್ಷ ಬುಡದಿಂದ 40 ಸೆಂ.ಮೀ. ದೂರದಲ್ಲಿ ಅರ್ಧ ಸುತ್ತು ಚರಂಡಿ ತೆಗೆದು ಬೇರು ಕೊಯ್ದು, ಎಲೆಗೊಬ್ಬರ, ಮರಳು ತುಂಬಬೇಕು. ಮರುವರ್ಷ ಉಳಿದರ್ಧ. ಎತ್ತುವುದು ಮೂರನೆಯ ವರ್ಷ.

ಈಗ ತಿಂಗಳಿನ ವಿಷಯ. ಇದರಲ್ಲೇ ನಮ್ಮವರು ಎಡವುತ್ತಾರೆ, ಅದೂ ಅನುಭವಸ್ಥ ಬೆಳೆಗಾರರೇ. ತೋಟದಲ್ಲಿ ಗಿಡ ನೆಡುವುದು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ. ಅದೇ ಅಭ್ಯಾಸದಲ್ಲಿ ಬೋನ್ಸಾಯ್ ಕುಂಡವನ್ನೂ ಜೂನ್‌ನಲ್ಲೇ ಬದಲಿಸುತ್ತಾರೆ. ಇಳಿಜಾರಿನ ತೋಟದ ನೆಲ ಮಳೆ ನೀರನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ, ಬುಟ್ಟಿಯ ಗಿಡದ ಬೇರನ್ನೂ ನೀವು ಕೊಯ್ದಿರುವುದಿಲ್ಲ. ಆದರೆ ಕುಂಡದಲ್ಲಿ ಬೇರು ಕೊಯ್ದಿದ್ದೀರಿ, ಗಾಯಗಳು ಹಸಿಯಾಗಿವೆ, ಮಣ್ಣು ತಣ್ಣಗಾಗಿ ಮೂರು ತಿಂಗಳು ಒಣಗುವುದೇ ಇಲ್ಲ. ಹೊಸ ಬೇರು ಹುಟ್ಟಲು ನೀರಿನಷ್ಟೇ ಗಾಳಿಯೂ ಬೇಕು. ನೀರು ತುಂಬಿ ನಿಂತ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲ, ಗಾಯ ಕೂಡುವ ಮೊದಲೇ ಕೊಳೆಯುತ್ತದೆ. ಆದ್ದರಿಂದ ಬೇರಿನ ಕೆಲಸ ಮಳೆಗಾಲಕ್ಕೆ ಕನಿಷ್ಠ ಆರು ವಾರ ಮೊದಲು ಮುಗಿದಿರಬೇಕು. ಬಸರಿ ಎಲೆ ಉದುರಿಸಿ ಮೊಗ್ಗು ಉಬ್ಬಿಸುವ ಹೊತ್ತು ಮಾರ್ಚ್, ಹೆಚ್ಚೆಂದರೆ ಏಪ್ರಿಲ್ ಮಧ್ಯ. ಕಾಫಿಗೆ ಹೂಮಳೆ ಕಾಯುವ ಅದೇ ದಿನಗಳು. ಬಿಸಿಲಿನ ಕಾವಿರುತ್ತದೆ, ಹಗುರ ಮಳೆಯೂ ಸಿಗುತ್ತದೆ, ಬೇರಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಮನೆ ಕೆಡವುವವರು ನಮ್ಮ ತಿಂಗಳು ಕಾಯುವುದಿಲ್ಲ, ನಿಜ. ಚಳಿಗಾಲದಲ್ಲಿ ಬುಡ ಸಿಕ್ಕರೆ ದಪ್ಪ ಮರಳಿನಲ್ಲಿ ಹೂತು, ಸೂರಿನ ಕೆಳಗಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆಯ ಗೂಡು ಕಟ್ಟಿ ಬೆಚ್ಚಗೆ ಇಟ್ಟುಕೊಳ್ಳಿ. ಪೆಟ್ಟಿಗೆಗೆ ಹಾಕುವುದು ಮಾರ್ಚ್‌ಗೇ ಇರಲಿ.

ಮಣ್ಣಿನ ಮಿಶ್ರಣಕ್ಕೆ ಬರುವ ಮೊದಲು ಮನೆಗೆ ಹೋಗಿ ಒಂದು ಪರೀಕ್ಷೆ ಮಾಡಿ. ಪಾತ್ರೆ ತೊಳೆಯುವ ಚೌಕ ಸ್ಪಂಜನ್ನು ನೀರಲ್ಲಿ ಅದ್ದಿ, ಮಲಗಿಸಿದಂತೆ ಅಂಗೈ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾದು, ಹಿಂಡದೆ ಸುಮ್ಮನೆ ಅದನ್ನು ಎದ್ದು ನಿಲ್ಲುವಂತೆ ತಿರುಗಿಸಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ನೀರೂ ಅದೇ, ಬದಲಾದದ್ದು ಎತ್ತರ ಮಾತ್ರ. ಪ್ರತಿ ಕುಂಡದ ತಳದಲ್ಲೂ ಬಸಿಯದೆ ಉಳಿಯುವ ನೀರಿನ ಪದರ ಒಂದಿರುತ್ತದೆ. ಅದರ ದಪ್ಪವನ್ನು ತೀರ್ಮಾನಿಸುವುದು ಮಣ್ಣಿನ ಕಾಳಿನ ಗಾತ್ರ. ಕಾಳು ಸಣ್ಣದಾದಷ್ಟೂ ಪದರ ದಪ್ಪ. ಆಳದ ಕುಂಡದಲ್ಲಿ ಆ ಪದರ ತಳಕ್ಕೆ ಸೀಮಿತ, ಆಳ ಕಡಿಮೆಯಿರುವ ಬೋನ್ಸಾಯ್ ತಟ್ಟೆಯಲ್ಲಿ ಅದು ಬುಡದವರೆಗೂ ಬರಬಹುದು. ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂದು ನಂಬಿದವರು ಬಹಳ. ಆಗುವುದು ತದ್ವಿರುದ್ಧ: ಸಣ್ಣ ಕಾಳಿನ ಮಣ್ಣು ತನ್ನ ನೀರನ್ನು ಜಲ್ಲಿಗೆ ಬಿಟ್ಟುಕೊಡುವುದಿಲ್ಲ, ನೀರಿನ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ. ಹಾಗಾಗಿ ತಳದಿಂದ ಮೇಲಿನವರೆಗೂ ಒಂದೇ ಗಾತ್ರದ ಕಾಳು ಇರಬೇಕು.

ಮಿಶ್ರಣ ಹೀಗಿರಲಿ. ಹತ್ತು ಪಾಲಿನಲ್ಲಿ ಆರು ಪಾಲು ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಇದ್ದಿಲು, ಒಂದೇ ಪಾಲು ಪೂರ್ತಿ ಕಳಿತ ಎಲೆಗೊಬ್ಬರ. ಪೆಟ್ಟಿಗೆಗೆ ಇಟ್ಟಿಗೆ ಚೂರು 5–10 ಮಿ.ಮೀ., ತಟ್ಟೆಗೆ 3–6 ಮಿ.ಮೀ. ಎರಡು ಜರಡಿ ಇಟ್ಟುಕೊಳ್ಳಿ. ದೊಡ್ಡದರಲ್ಲಿ ಉಳಿದದ್ದನ್ನು ಮತ್ತೆ ಕುಟ್ಟಿ, ಸಣ್ಣದರ ಕೆಳಗೆ ಬಿದ್ದ ಪುಡಿಯನ್ನು ಹೊರಗೆ ಹಾಕಿ. ಅಯ್ಯೋ ಇಷ್ಟೊಂದು ಪುಡಿ ಹಾಳಾಯಿತಲ್ಲ ಎಂದು ಮಿಶ್ರಣಕ್ಕೆ ಸೇರಿಸಿದಿರೋ, ಎರಡನೆಯ ಮಳೆಗಾಲಕ್ಕೆ ಅದು ತಳದಲ್ಲಿ ಕೆಸರಾಗಿ ಕೂರುತ್ತದೆ. ಅರೆಬೆಂದ ಇಟ್ಟಿಗೆಯೂ ಹಾಗೆಯೇ. ಒಂದು ಹಿಡಿ ಚೂರನ್ನು ರಾತ್ರಿಯಿಡೀ ನೆನೆಹಾಕಿ ಬೆರಳಲ್ಲಿ ಹಿಸುಕಿ ನೋಡಿ, ಕರಗಿದರೆ ಬೇಡ. ನಮ್ಮ ತೋಟದ ಕೆಂಪು ಮಣ್ಣು ಎಷ್ಟೇ ಫಲವತ್ತಾಗಿರಲಿ, ತಟ್ಟೆಗೆ ಹಾಕಬಾರದು. ತೆಂಗಿನ ನಾರಿನ ಪುಡಿ ಬೆಂಗಳೂರಿಗೆ ಸರಿ, ಇಲ್ಲಿ ಜೂನ್‌ನಲ್ಲಿ ಕುಡಿದ ನೀರನ್ನು ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಕೊಟ್ಟಿಗೆ ಗೊಬ್ಬರ ಅರೆಕಳಿತದ್ದಾದರೆ ಗೊಣ್ಣೆಹುಳುವನ್ನು ನೀವೇ ಕರೆತಂದಂತೆ. ಜಪಾನಿನ ಅಕಾಡಮಾ ಮಣ್ಣಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ, ಅದೂ ಕ್ರಮೇಣ ಕರಗಿ ಜೇಡಿಯಾಗುವ ವಸ್ತುವೇ.

ಈ ಪೆಟ್ಟಿಗೆ ಸಿಲ್ವರ್ ಓಕ್ ಹಲಗೆಯದು. ಒಳಅಳತೆ 75 ಸೆಂ.ಮೀ. ಉದ್ದ, 55 ಅಗಲ, 22 ಆಳ. ತಳದ ಹಲಗೆಗಳ ನಡುವೆ ಒಂದು ಸೆಂ.ಮೀ. ಸಂದಿ ಬಿಟ್ಟು, ಮೇಲೆ ಬಲೆ ಹಾಸಿದೆ. ಇದರಲ್ಲಿ 90 ಲೀಟರ್ ಮಿಶ್ರಣ ಹಿಡಿಯುತ್ತದೆ, ನೆನೆದರೆ ಮರವೂ ಸೇರಿ ಒಂದು ಕ್ವಿಂಟಾಲ್ ದಾಟುತ್ತದೆ. ಹಾಗಾಗಿ ಪೆಟ್ಟಿಗೆ ತುಂಬುವ ಮೊದಲೇ ಅದು ಎಲ್ಲಿ ಕೂರಬೇಕು ಎಂದು ನಿಶ್ಚಯಿಸಿ, ಸಿಮೆಂಟ್ ಬ್ಲಾಕಿನ ಮೇಲೆ ಎತ್ತರಿಸಿ ಇಟ್ಟು ಆಮೇಲೆ ತುಂಬಿ.

ಮೊದಲ ವರ್ಷ ಏನೂ ಮಾಡಬಾರದು. ಹೇಳುವುದು ಸುಲಭ, ಪಾಲಿಸುವುದು ಬಹಳ ಕಷ್ಟ. ಮೂರು ನಾಲ್ಕು ವಾರದಲ್ಲಿ ಚಿಗುರು ಬರುತ್ತದೆ, ನೀವು ಗೆದ್ದೆವು ಎಂದುಕೊಳ್ಳುತ್ತೀರಿ. ಆ ಚಿಗುರು ಬೇರು ಕೊಟ್ಟದ್ದಲ್ಲ, ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಬಂದದ್ದು. ಬೋಗನ್‌ವಿಲ್ಲಾ ಬುಡದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ನಾಲ್ಕು ಬೆರಳು ಚಿಗುರಿ, ಒಂದು ವಾರ ಹಾಗೇ ನಿಂತು, ಬಾಡಿಬಿಡುತ್ತದೆ. ಮೊದಲ ಚಿಗುರಿನ ಎಲೆ ಬಲಿತು, ಅದರ ತುದಿಯಿಂದ ಎರಡನೆಯ ಸಲ ಚಿಗುರು ಹೊರಟರೆ ಆಗ ಬೇರು ಹಿಡಿದಿದೆ ಎಂದು ತಿಳಿಯಿರಿ. ಅಲ್ಲಿಯವರೆಗೆ ಗೊಬ್ಬರ ಬೇಡ, ಬುಡ ಅಲ್ಲಾಡಿಸಿ ನೋಡುವುದು ಬೇಡ, ಕೊಂಬೆ ಸವರುವ ಕಸಿ ಕತ್ತರಿಯನ್ನು ಕೈಗೆ ತೆಗೆದುಕೊಳ್ಳುವುದೇ ಬೇಡ. ಎಷ್ಟು ಎಲೆಯಿದೆಯೋ ಅಷ್ಟು ಬೇರು ಬೆಳೆಯುತ್ತದೆ.

ರೂಪ ಕೊಡುವ ಕೆಲಸ ಎರಡನೆಯ ವರ್ಷದ ಫೆಬ್ರವರಿಯಲ್ಲಿ, ಎಲೆ ಉದುರಿ ಕೊಂಬೆ ಬರಿದಾದಾಗ. ಮೊದಲು ಬುಡದ ಮೇಲಿನ ಎರಡು ಬೆರಳು ಮಣ್ಣು ಸರಿಸಿ ಬೇರಿನ ಹರವು ಬಿಡಿಸಿ ನೋಡಿ. ಇದಕ್ಕೆ ನೆಬಾರಿ ಎಂಬ ಹೆಸರಿದೆ. ಬುಡ ಎಲ್ಲಿಂದ ಅತ್ಯಂತ ಅಗಲವಾಗಿ, ನೆಲವನ್ನು ಹಿಡಿದು ಕೂತಂತೆ ಕಾಣುತ್ತದೋ ಮರದ ಮುಖ ಹೆಚ್ಚಾಗಿ ಆ ಕಡೆಯೇ. ಈ ಮರವನ್ನು ಎಡದಿಂದ ನೋಡಿದರೆ ಕಾಂಡದ ಬಳುಕು ಚೆನ್ನಾಗಿದೆ, ಆದರೆ ಬೇರು ಒಂದೇ ಕಡೆಗೆ ವಾಲಿದೆ. ನೀವು ನೋಡುತ್ತಿರುವ ಕಡೆಯಿಂದ ಬಳುಕು ಕಮ್ಮಿ, ಬುಡ ಭದ್ರ. ಕೊಂಬೆಯನ್ನು ಮುಂದೆ ಬೆಳೆಸಿಕೊಳ್ಳಬಹುದು, ಕಾಂಡದ ಓರೆಕೋರೆಯನ್ನು ಕೊಂಬೆಯಲ್ಲಿ ಮರೆಸಬಹುದು, ಬುಡಕ್ಕೆ ಮಾತ್ರ ಪರ್ಯಾಯವಿಲ್ಲ. ಅದಕ್ಕೇ ಈ ಮುಖ.

ಎತ್ತರಕ್ಕೆ ವಾಡಿಕೆಯ ಲೆಕ್ಕ ಬುಡದ ದಪ್ಪದ ಆರು ಪಟ್ಟು. 18 ಸೆಂ.ಮೀ. ಬುಡಕ್ಕೆ 108. ಮೊದಲ ಕೊಂಬೆ ಅದರ ಮೂರರಲ್ಲೊಂದು ಎತ್ತರದಲ್ಲಿ, ಅಂದರೆ 35 ಸೆಂ.ಮೀ. ಹತ್ತಿರ. ಇದು ಅಂದಾಜಿಗೆ ಮಾತ್ರ. ಆದರೆ ಒಂದು ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ: ಬಸರಿಯನ್ನು ಜಪಾನಿನ ಪೈನ್ ಮರದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ, ಮೇಲೆ ಚೂಪಾಗಿ ಮಾಡಬೇಡಿ. ಬಸರಿ ಕೊಡೆಯಂತೆ ಹರಡುವ ಮರ. ಮಾದರಿಗಾಗಿ ನಿಮ್ಮ ತೋಟದ ಮರ ನೋಡಿದರೂ ಮೋಸ ಹೋಗುತ್ತೀರಿ. ವರ್ಷ ವರ್ಷ ಮರಗಸಿ ಮಾಡಿ ಅದರ ಕೆಳಗಿನ ಕೊಂಬೆಗಳನ್ನೆಲ್ಲ ತೆಗೆದಿರುತ್ತೇವೆ, ಅದು ಕಂಬದಂತೆ ಮೇಲೇರಿರುತ್ತದೆ. ಗದ್ದೆ ಬಯಲಿನಲ್ಲಿ, ರಸ್ತೆ ಕೂಡುವಲ್ಲಿ ಒಂಟಿಯಾಗಿ ಬೆಳೆದ ಮರದ ಕೆಳಗೆ ನಿಂತು ನೋಡಿ. ಕೆಳಗಿನ ಕೊಂಬೆ ಕಾಂಡದಿಂದ ಮೇಲ್ಮುಖವಾಗಿ ಹೊರಟು, ದೂರ ಹೋದ ಮೇಲೆ ತನ್ನ ಭಾರಕ್ಕೆ ಬಾಗಿರುತ್ತದೆ. ನಮ್ಮ ತಂತಿ ಅದನ್ನು ಅನುಸರಿಸಬೇಕು.

ಕಡಿಯಬೇಕಾದದ್ದು ಯಾವುದು? ಒಂದೇ ಎತ್ತರದಲ್ಲಿ ಎದುರುಬದುರಾಗಿ ಹೊರಟ ಎರಡರಲ್ಲಿ ಒಂದು. ಒಂದೇ ಜಾಗದಿಂದ ಮೂರು ನಾಲ್ಕು ಹೊರಟಿದ್ದರೆ ಒಂದನ್ನುಳಿದು ಮಿಕ್ಕವು, ಇಲ್ಲದಿದ್ದರೆ ಆ ಜಾಗ ಉಬ್ಬಿ, ಕಾಂಡ ಕೆಳಗೆ ಸಣ್ಣ ಮೇಲೆ ದಪ್ಪ ಆಗಿಬಿಡುತ್ತದೆ. ಕಣ್ಣಿಗೆ ನೇರವಾಗಿ ಚುಚ್ಚುವಂತೆ ಮುಂದೆ ಬಂದದ್ದು. ಕಾಫಿ ಗಿಡದಲ್ಲಿ ಕಂಬಚಿಗುರು ತೆಗೆದು ಅಭ್ಯಾಸವಿರುವ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಫಿಯ ಕಸಿ, ಅಂದರೆ ಕೊಂಬೆ ಸವರುವುದು, ಫಸಲಿಗಾಗಿ, ಇಲ್ಲಿಯದು ನೋಟಕ್ಕಾಗಿ, ಕೈಕೆಲಸ ಒಂದೇ. ಒಂದು ವ್ಯತ್ಯಾಸವಿದೆ. ಕಾಫಿಯಲ್ಲಿ ಬೇಡವಾದ ಚಿಗುರನ್ನು ತಕ್ಷಣ ಮುರಿಯುತ್ತೀರಿ. ಇಲ್ಲಿ ಒಂದು ಕೊಂಬೆ ದಪ್ಪವಾಗಬೇಕೆಂದರೆ ಅದರ ತುದಿಯನ್ನು ಒಂದು ಮೀಟರ್, ಒಂದೂವರೆ ಮೀಟರ್ ಓಡಲು ಬಿಡಬೇಕು. ದಪ್ಪ ಬಂದ ಮೇಲೆ ಎರಡು ಗೆಣ್ಣು ಉಳಿಸಿ ಕಡಿಯಿರಿ, ಅಲ್ಲಿಂದ ಕವಲೊಡೆಯುತ್ತದೆ. ಮತ್ತೆ ಓಡಲು ಬಿಡಿ, ಮತ್ತೆ ಕಡಿಯಿರಿ. ಈ ಮರದ ಬಲಗಡೆಯ ಮೊದಲ ಕೊಂಬೆ ಹಾಗೆ ಎರಡು ಸಲ ಕಡಿದದ್ದು. ಸದಾ ತುದಿ ಚಿವುಟುತ್ತ ಕೂತರೆ ಹೆಬ್ಬೆರಳು ದಪ್ಪಕ್ಕೆ ಬರಲು ಹತ್ತು ವರ್ಷ ಹಿಡಿಯುತ್ತದೆ.

ದೊಡ್ಡ ಕೊಂಬೆಯನ್ನು ಮೊದಲು ಒಂದು ಗೇಣು ಬಿಟ್ಟು ಕೊಯ್ದು ಭಾರ ಇಳಿಸಿ, ಆಮೇಲೆ ಕಾಂಡಕ್ಕೆ ಸರಿಸಮವಾಗಿ ಕೊಯ್ಯಿರಿ. ಗಾಯದ ನಡುಭಾಗವನ್ನು ಸ್ವಲ್ಪ ತಗ್ಗು ಮಾಡಿ, ಅಂಚನ್ನು ಹರಿತ ಚಾಕುವಿನಿಂದ ನಯಗೊಳಿಸಿ. ಆಗ ಸುತ್ತಲ ತೊಗಟೆ ಉಬ್ಬದೆ ಒಳಕ್ಕೆ ಮಡಚಿ ಕೂಡಿಕೊಳ್ಳುತ್ತದೆ. ಹಾಲು ಸುರಿಯುತ್ತದೆ, ಹೆದರಬೇಡಿ. ನೀರು ಚಿಮುಕಿಸಿ ಒರೆಸಿ, ನಿಂತ ಮೇಲೆ ಲೇಪ ಹಚ್ಚಿ. ಲೇಪಕ್ಕೆ ಅಂಗಡಿ ಹುಡುಕಬೇಕಾಗಿಲ್ಲ, ಬೋರ್ಡೋ ಪೇಸ್ಟ್ ಸಾಕು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ, ಎರಡನ್ನೂ ಪ್ಲಾಸ್ಟಿಕ್ ಪಾತ್ರೆಯಲ್ಲೇ ಕರಗಿಸಿ ಸೇರಿಸಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ. ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು. ತೊಗಟೆಯ ಮೇಲೆ ನೀಲಿ ಕಲೆ ಕೆಲವು ತಿಂಗಳು ಇರುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಮಳೆಗಾಲಕ್ಕೆ ಮೊದಲು ದೊಡ್ಡ ಗಾಯಗಳಿಗೆ ಇನ್ನೊಮ್ಮೆ ಹಚ್ಚಿ.

ಪುಸ್ತಕಗಳಲ್ಲಿ ಸಿಪ್ಪೆ ಸುಲಿದು ಬೆಳ್ಳಗೆ ಒಣಗಿಸಿದ ಕೊಂಬೆಗಳ ಚಿತ್ರ ನೋಡಿರುತ್ತೀರಿ. ಅದು ಜುನಿಪರ್‌ಗೆ ಒಪ್ಪುತ್ತದೆ, ಅದರ ಒಣಕಟ್ಟಿಗೆ ಗಟ್ಟಿ. ಬಸರಿಯ ಮೃದುವಾದ ಕಟ್ಟಿಗೆ ನಮ್ಮ ಮಳೆಯಲ್ಲಿ ಎರಡೇ ವರ್ಷಕ್ಕೆ ಅಣಬೆ ಎಬ್ಬಿಸುತ್ತದೆ, ಕೊಳೆ ಕಾಂಡದೊಳಗೆ ಇಳಿಯುತ್ತದೆ. ಇಲ್ಲಿ ಆ ಆಸೆ ಬಿಡಿ.

ತಂತಿ ಅಲ್ಯೂಮಿನಿಯಂನದಿರಲಿ. ಅದರ ದಪ್ಪ ಕೊಂಬೆಯ ದಪ್ಪದ ಮೂರರಲ್ಲೊಂದು, ಅಂದರೆ 12 ಮಿ.ಮೀ. ಕೊಂಬೆಗೆ 4 ಮಿ.ಮೀ. ತಂತಿ. ಒಂದೇ ತಂತಿಯಲ್ಲಿ ಹತ್ತಿರದ ಎರಡು ಕೊಂಬೆ ಹಿಡಿದು, ನಡುವೆ ಕಾಂಡಕ್ಕೆ ಒಂದು ಸುತ್ತಾದರೂ ಹಾಕಿದರೆ ಅದು ಜಾರುವುದಿಲ್ಲ. ಸುತ್ತು 45 ಡಿಗ್ರಿ ಓರೆಯಲ್ಲಿ ಹೋಗಲಿ. ಬಾಗಿನ ಹೊರಮೈ ಮೇಲೆ ತಂತಿ ಬರಬೇಕು, ಇಲ್ಲದಿದ್ದರೆ ಅಲ್ಲೇ ಸೀಳುತ್ತದೆ. ಹೆಬ್ಬೆರಳಿಗಿಂತ ದಪ್ಪದ ಕೊಂಬೆಗೆ ಸುತ್ತುವ ತಂತಿ ಸಾಲದು. ಸೈಕಲ್ ಟ್ಯೂಬಿನ ತುಂಡು ಇಟ್ಟು, ಪೆಟ್ಟಿಗೆಯ ಅಂಚಿಗೆ ಎಳೆದು ಕಟ್ಟಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಸರಿ ದಪ್ಪವಾಗುವ ವೇಗಕ್ಕೆ ತಂತಿ ಐದಾರು ವಾರದಲ್ಲೇ ತೊಗಟೆಗೆ ಇಳಿಯುತ್ತದೆ. ಮೂರು ವಾರಕ್ಕೊಮ್ಮೆ ನೋಡಿ. ತೆಗೆಯುವಾಗ ಬಿಚ್ಚಬೇಡಿ, ಸುತ್ತು ಸುತ್ತಿಗೂ ಕತ್ತರಿಸಿ. ಎರಡು ರೂಪಾಯಿ ತಂತಿ ಉಳಿಸಲು ಹೋಗಿ ಎರಡು ವರ್ಷದ ಕೊಂಬೆ ಮುರಿಯುತ್ತದೆ.

ಮಳೆಯನ್ನು ಇಷ್ಟು ಹೊತ್ತು ದೂರಿದೆ, ಅದು ಕೊಡುವುದನ್ನೂ ಹೇಳಬೇಕು. ಒಣ ಸೀಮೆಯಲ್ಲಿ ಆಲಕ್ಕೆ ಬಿಳಲು ಬರಿಸಲು ಪ್ಲಾಸ್ಟಿಕ್ ಗೂಡು ಕಟ್ಟಿ, ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಬೇಕು. ನಮ್ಮಲ್ಲಿ ಜುಲೈ ಗಾಳಿಯೇ ಆ ಕೆಲಸ ಮಾಡುತ್ತದೆ. ಕೊಂಬೆಯ ಕೆಳಗೆ ದಾರದಷ್ಟು ಬಿಳಲು ಹೊರಟದ್ದು ಕಂಡರೆ, ಉದ್ದಕ್ಕೆ ಸೀಳಿದ ಸಣ್ಣ ಪೈಪಿನಲ್ಲಿ ಪಾಚಿ ತುಂಬಿ ಅದರೊಳಗಿಂದ ಮಣ್ಣಿಗೆ ಇಳಿಸಿ. ಒಮ್ಮೆ ನೆಲ ಮುಟ್ಟಿತೆಂದರೆ ಬೇಗ ದಪ್ಪವಾಗುತ್ತದೆ. ಬೇಡವಾದ ಜಾಗದ್ದನ್ನು ಎಳೆಯದಾಗಿರುವಾಗಲೇ ತೆಗೆಯಿರಿ.

ಪೆಟ್ಟಿಗೆಯಿಂದ ತಟ್ಟೆಗೆ ಹಾಕುವುದು ಯಾವಾಗ? ಕೊಂಬೆಯ ದೊಡ್ಡ ಕೆಲಸ ಮಾಡಿದ ವರ್ಷ ಬೇರನ್ನು ಮುಟ್ಟಬೇಡಿ, ಬೇರು ಕೊಯ್ದ ವರ್ಷ ಎಲೆ ಸಣ್ಣದಾಗಲೆಂದು ಅವನ್ನು ತೆಗೆಯುವುದೂ ಬೇಡ. ಎರಡನ್ನೂ ಒಟ್ಟಿಗೆ ಮಾಡಿದರೆ ಬಸರಿ ಸಾಯುವುದಿಲ್ಲವೇನೋ, ಆದರೆ ನೀವು ಇಷ್ಟಪಟ್ಟ ಕೊಂಬೆಯೇ ಒಣಗುತ್ತದೆ, ಬೇಡದ ಕಡೆ ಚಿಗುರುತ್ತದೆ. ಬೆಳವಣಿಗೆ ಪೆಟ್ಟಿಗೆಯಲ್ಲಿ ಮೂರು ನಾಲ್ಕು ವರ್ಷ ಆಗಲಿ. ತಟ್ಟೆಗೆ ಬಂದ ಮರ ದಪ್ಪವಾಗುವುದು ಬಹುತೇಕ ನಿಲ್ಲುತ್ತದೆ. ಸಣ್ಣ ತಟ್ಟೆಯ ಆತುರದಿಂದ ಹಾಳಾದ ಒಳ್ಳೆಯ ಬುಡಗಳು ಲೆಕ್ಕವಿಲ್ಲದಷ್ಟು.

ತಟ್ಟೆಯ ಉದ್ದ ಮರದ ಎತ್ತರದ ಮೂರರಲ್ಲೆರಡು, ಆಳ ಬುಡದ ದಪ್ಪದಷ್ಟು. ನಮ್ಮ ಮರಕ್ಕೆ 70 ಸೆಂ.ಮೀ. ಉದ್ದ, 18 ಆಳ. ನೋಡಲು ಲಕ್ಷಣವೆಂದು 10 ಸೆಂ.ಮೀ. ಆಳದ್ದನ್ನು ಆರಿಸಬೇಡಿ, ಸ್ಪಂಜನ್ನು ನೆನಪಿಸಿಕೊಳ್ಳಿ. ಕೊಳ್ಳುವ ಮೊದಲು ಖಾಲಿ ತಟ್ಟೆಗೆ ಒಂದು ಚೊಂಬು ನೀರು ಹಾಕಿಸಿ ನೋಡಿ. ಮೂಲೆಯಲ್ಲಿ ನೀರು ನಿಂತರೆ ತೂತು ತಳದ ತಗ್ಗಿನಲ್ಲಿಲ್ಲ ಎಂದರ್ಥ. ಸಿಮೆಂಟ್ ತಟ್ಟೆಗಳಿಗೆ ಒಂದೋ ಎರಡೋ ತೂತಿರುತ್ತದೆ, ನಮಗೆ ಎರಡೂವರೆ ಸೆಂ.ಮೀ. ಅಗಲದ ನಾಲ್ಕಾದರೂ ಬೇಕು. ಡ್ರಿಲ್ ಹಾಕಿಸಿಕೊಳ್ಳಿ.

ಬೇರು ಬಿಡಿಸುವ ಎರಡು ದಿನ ಮೊದಲು ನೀರು ನಿಲ್ಲಿಸಿ, ಮಿಶ್ರಣ ಸಡಿಲವಾಗಿ ಉದುರುತ್ತದೆ. ತಟ್ಟೆ ಮೊದಲೇ ಸಿದ್ಧವಾಗಿರಲಿ: ತೂತಿಗೆ ಬಲೆ, ತೂತುಗಳ ಮೂಲಕ ಮೇಲೆ ಬಂದ 3 ಮಿ.ಮೀ. ದಪ್ಪದ ನಾಲ್ಕು ಕಟ್ಟುತಂತಿ, ನಡುವೆ ಮಿಶ್ರಣದ ಒಂದು ದಿಬ್ಬ. ಈ ಗಾತ್ರದ ಮರಕ್ಕೆ ಮೂವರು ಬೇಕು, ಇಬ್ಬರು ಹಿಡಿಯಲು, ಒಬ್ಬರು ಕೊಯ್ಯಲು. ಪೆಟ್ಟಿಗೆಯ ಒಂದು ಬದಿಯ ಹಲಗೆ ಬಿಚ್ಚಿ ಮರವನ್ನು ಪಕ್ಕಕ್ಕೆ ಜಾರಿಸಿ. ಕೊಕ್ಕೆಯಿಂದ ಬುಡದಿಂದ ಹೊರಕ್ಕೆ ಬಾಚಿರಿ. ಅಡ್ಡಡ್ಡ ಎಳೆದರೆ ಬೇರು ಹರಿಯುತ್ತದೆ. ನೇರ ಕೆಳಗಿಳಿದ ದಪ್ಪ ಬೇರುಗಳನ್ನು ಗರಗಸದಲ್ಲಿ ಸಪಾಟಾಗಿ ಕೊಯ್ಯಿರಿ, ಅವೇ ಮರವನ್ನು ತಟ್ಟೆಯಲ್ಲಿ ಕೂರಲು ಬಿಡದವು. ಒಂದರ ಮೇಲೊಂದು ಹಾದದ್ದು, ಬುಡವನ್ನು ಸುತ್ತಿಕೊಂಡದ್ದು ಹೋಗಬೇಕು. ಒಟ್ಟು ಬೇರಿನಲ್ಲಿ ಮೂರರಲ್ಲೊಂದು ತೆಗೆದರೆ ಸಾಕು. ಬಸರಿ ಅರ್ಧದವರೆಗೂ ತಡೆಯುತ್ತದೆ, ಹಾಗೆಂದು ಅಷ್ಟು ತೆಗೆಯಲೇಬೇಕೆಂದಿಲ್ಲ. ಕೊಯ್ಯುವಾಗಲೇ ಬಿಳಿ ಹಿಟ್ಟಿನಂಥ ಚುಕ್ಕೆಗಳಿವೆಯೇ ನೋಡಿ. ಕಾಫಿ, ಮೆಣಸಿನ ಬೇರಿಗೆ ಬರುವ ಹಿಟ್ಟು ತಿಗಣೆ ಇಲ್ಲಿಗೂ ಬರುತ್ತದೆ. ಇದ್ದರೆ ಹಳೆ ಮಿಶ್ರಣವನ್ನೆಲ್ಲ ತೊಳೆದು ದೂರ ಎಸೆಯಿರಿ, ಇರುವೆಗೂಡನ್ನೂ ಹುಡುಕಿ ತೆಗೆಯಿರಿ. ಇರುವೆಯೇ ಅದನ್ನು ಹೊತ್ತು ತರುವುದು.

ದಿಬ್ಬದ ಮೇಲೆ ಮರವಿಟ್ಟು ಆಚೀಚೆ ತಿರುಗಿಸಿ ಒತ್ತಿದರೆ ತಳದ ಪೊಳ್ಳು ತುಂಬುತ್ತದೆ. ಆಮೇಲೆ ಕಟ್ಟು. ತಂತಿ ಬೇರಿಗೆ ತಾಗುವಲ್ಲಿ ಟ್ಯೂಬಿನ ತುಂಡು ಇಟ್ಟು, ಕಾಂಡ ಹಿಡಿದು ಅಲ್ಲಾಡಿಸಿದರೆ ತಟ್ಟೆಯೇ ಅಲ್ಲಾಡುವಷ್ಟು ಬಿಗಿ ಮಾಡಿ. ಇದರಲ್ಲಿ ಉದಾಸೀನ ಬೇಡ. ಮಳೆಗಾಲದ ಗಾಳಿಗೆ ಮರ ಒಂದು ಕೂದಲೆಳೆ ಅಲುಗಿದರೂ ಹೊಸ ಬೇರಿನ ತುದಿಗಳು ಮುರಿಯುತ್ತವೆ. ಎಲೆ ಹಸಿರಾಗಿಯೇ ಇರುತ್ತದೆ, ಆದರೆ ಮರ ಮುಂದೆ ಸಾಗುವುದಿಲ್ಲ. ಕಟ್ಟಿದ ಮೇಲೆ ಒಣ ಮಿಶ್ರಣ ಸುರಿದು, ಬಿದಿರು ಕಡ್ಡಿಯಿಂದ ಬೇರುಗಳ ನಡುವೆ ಇಳಿಸಿ. ಕಡ್ಡಿ ಸಲೀಸಾಗಿ ಇಳಿಯದವರೆಗೆ ತುಂಬುತ್ತಿರಿ. ಕೆಳಗಿನ ತೂತಿನಿಂದ ತಿಳಿನೀರು ಬರುವವರೆಗೆ ನೀರು ಹಾಯಿಸಿ. ಎರಡು ಮೂರು ವಾರ ನೆರಳು, ಗಾಳಿ ಕಮ್ಮಿ ಇರುವ ಜಾಗ. ಎಲೆ ಬಲಿತ ಮೇಲೆ ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿ ಸಮಪಾಲು, ಇಡೀ ತಟ್ಟೆಗೆ ತಿಂಗಳಿಗೆ ಎರಡು ಹಿಡಿ.

ಜೂನ್ ಬಂದ ಕೂಡಲೇ ಹಿಂಡಿ ನಿಲ್ಲಿಸಿ, ಮಳೆಯಲ್ಲಿ ಅದು ಕೊಳೆತು ಹುಳ ಬೀಳುತ್ತದೆ. ಮಳೆ ಬಿಟ್ಟು ಹೊಳವಾದ ವಾರಗಳಲ್ಲಿ ಲೀಟರ್ ನೀರಿಗೆ ಒಂದು ಗ್ರಾಂನಂತೆ 19:19:19 ಗೊಬ್ಬರ ಕೊಟ್ಟರೆ ಸಾಕು. ಬಿಡದೆ ಸುರಿಯುವ ದಿನಗಳಲ್ಲಿ ತಟ್ಟೆಯ ಒಂದು ತುದಿಗೆ ಎರಡು ಇಂಚಿನ ಮರದ ತುಂಡು ಕೊಟ್ಟು ಓರೆ ಮಾಡಿ. ನಿಂತ ಸ್ಪಂಜಿನ ತತ್ವವೇ ಇದು, ತಳದ ನೀರಿನ ಪದರ ಕೆಳ ಮೂಲೆಗೆ ಸರಿದು ಬಸಿಯುತ್ತದೆ. ಹತ್ತು ದಿನಕ್ಕೊಮ್ಮೆ ತುಂಡನ್ನು ಇನ್ನೊಂದು ತುದಿಗೆ ಬದಲಿಸಿ. ಪಾರದರ್ಶಕ ಶೀಟಿನ ಮಾಡು ಇದ್ದರೆ ಮೊದಲ ಮಳೆಗಾಲವಾದರೂ ಅದರ ಕೆಳಗಿಡಿ, ಬದಿಗಳನ್ನು ಮುಚ್ಚಬೇಡಿ. ಶನಿವಾರಸಂತೆ ಕಡೆಯವರು ಆಫ್ರಿಕನ್ ಬಸವನಹುಳುವಿಗೆ ರಾತ್ರಿ ಟಾರ್ಚ್ ಹಿಡಿದು ನೋಡಲೇಬೇಕು, ಚಿಗುರನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ.

ಬೇರು ಕೊಳೆಯುತ್ತಿರುವುದು ಮೇಲಿನಿಂದ ಹೇಗೆ ತಿಳಿಯುತ್ತದೆ? ಒದ್ದೆ ಮಣ್ಣಿನಲ್ಲಿದ್ದೂ ಎಲೆ ಬಾಡುತ್ತದೆ. ನೀರು ಸಾಲದೆಂದು ಯಾರೂ ಇನ್ನಷ್ಟು ಹಾಕಬಾರದು. ಅಂಚಿನಲ್ಲಿ ಬೆರಳು ಹಾಕಿ ಒಂದು ಸಣ್ಣ ಬೇರು ಎಳೆಯಿರಿ. ಕಪ್ಪಾದ ಸಿಪ್ಪೆ ಕೊಳವೆಯಂತೆ ಜಾರಿ ಒಳಗಿನ ನಾರು ಮಾತ್ರ ಉಳಿದರೆ, ಕೆಟ್ಟ ವಾಸನೆ ಬಂದರೆ, ಜುಲೈ ಎಂದು ಕಾಯದೆ ಅಂದೇ ತೆಗೆಯಬೇಕು. ಕೊಳೆತದ್ದನ್ನೆಲ್ಲ ಬಿಳಿ ಕಾಣುವವರೆಗೆ ಕೊಯ್ದು, ಎಲೆ ತೆಗೆದು, ಎಲೆಗೊಬ್ಬರವಿಲ್ಲದ ಬರೀ ಇಟ್ಟಿಗೆ ಚೂರಿನಲ್ಲಿ ಮಾಡಿನ ಕೆಳಗಿಡಿ. ಬಸರಿ ಬಹಳ ಸಲ ಹೀಗೆ ಬದುಕುತ್ತದೆ.

ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಮಳೆ ಇಳಿದಿರುತ್ತದೆ. ಆಗ ಕಟ್ಟುತಂತಿ ನೋಡಿ. ಮರವನ್ನು ಹಗುರಾಗಿ ಅಲ್ಲಾಡಿಸಿ, ಬುಡದ ಸುತ್ತ ಮಿಶ್ರಣದಲ್ಲಿ ಬಿರುಕು ಕಾಣದಿದ್ದರೆ ಬೇರು ಹಿಡಿದಿದೆ, ಬೇರಿಗೆ ಒತ್ತುತ್ತಿರುವ ತಂತಿಗಳನ್ನು ಕತ್ತರಿಸಬಹುದು. ಬಿರುಕು ಕಂಡರೆ ಕಟ್ಟನ್ನು ಇನ್ನೊಂದು ಸುತ್ತು ಬಿಗಿಸಿ ಮುಂದಿನ ಮಾರ್ಚ್‌ವರೆಗೆ ಹಾಗೇ ಬಿಡಿ.